ಪೊರಕೆ ಆರು, ಬುಟ್ಟಿ ಆರು

ಯಾರೋ ಅದು, ಅಜ್ಜನಿಗೆ ಅರಳು ಮರಳು ಅಂತ ಬರೆದವನು? ಬರೆದದ್ದು ಸಾಲದು ಅಂತ ಪಕ್ಕದಲ್ಲಿ ನಗುವ ಮುಖ ಬೇರೆ ಅಂಟಿಸಿದ್ದೀಯಂತೆ. ಮೊಮ್ಮಗಳು ಎಲ್ಲ ಓದಿ ಹೇಳಿದಳು. ನನಗೆ ಕಣ್ಣು ಮಂಜಾಗಿದೆ ಕಣೋ, ತಲೆ ಮಂಜಾಗಿಲ್ಲ.

ನಮ್ಮ ಅಳಿಯಂದಿರು ಬಂದರಿನ ಹಳೆಯ ಹಾಳೆಯೊಂದನ್ನು ಎಲ್ಲಿಂದಲೋ ಹುಡುಕಿ ತೆಗೆದು ನಮ್ಮ ಮನೆಯವರ ಫೋನಿನ ಗುಂಪಿಗೆ ಹಾಕಿದ್ದಾರೆ. 'ನಾಲ್ಕನೇ ಬರ್ತು, ಗೋಧಿ ಹಡಗು, ಕೆಲಸ ಎರಡು ಗಂಟೆ ನಲವತ್ತು ನಿಮಿಷ ಸ್ಥಗಿತ, ಕಾರಣ ಮಳೆ.' ಇಷ್ಟು ಓದಿ, ಮಾವ ಹೇಳುವುದೆಲ್ಲ ಬುರುಡೆ, ಅವತ್ತು ಮಳೆಗೆ ಕೆಲಸ ನಿಂತಿತ್ತು ಅಂತ ತೀರ್ಪು ಕೊಟ್ಟುಬಿಟ್ಟಿದ್ದಾರೆ.

ಅಳಿಯಂದಿರೇ, ಅವತ್ತು ನೀವು ಹುಟ್ಟಿರಲಿಲ್ಲ. ನಾನು ಆ ಹಡಗಿನ ಮೇಲೆ ಕೈ ಎತ್ತಿಕೊಂಡು ನಿಂತಿದ್ದೆ. ಎರಡು ಗಂಟೆ ನಲವತ್ತು ನಿಮಿಷ. ಒಂದು ಹನಿ ಮಳೆ ಬಿದ್ದಿದ್ದರೂ ಮೊದಲು ಬೀಳಬೇಕಾದದ್ದು ನನ್ನ ಕೈ ಮೇಲೆ. ಬಿದ್ದದ್ದು ಬಿಸಿಲು. ಕೆಲಸ ನಿಲ್ಲಿಸಿದವಳು ನಮ್ಮಕ್ಕ. ಇಲ್ಲೇ ಪಕ್ಕದ ಮಂಚದಲ್ಲಿ ಕೂತಿದ್ದಾಳೆ. ನಾನು ಎಲ್ಲಿ ತಪ್ಪಿದರೂ ಕೆಮ್ಮುತ್ತಾಳೆ. ಕೇಳಿಸಿಕೊಳ್ಳಿ.

ನಾನು ಬಂದರಿನಲ್ಲಿ ಸನ್ನೆಯವನು. ನನ್ನನ್ನು 'ಸನ್ನೆ' ಅಂತಲೇ ಕರೆಯುತ್ತಿದ್ದರು. ಹಡಗಿನ ಹೊಟ್ಟೆ ಅಂದರೆ ಸರಕು ತುಂಬುವ ಜಾಗ, ಐದು ಮಾಳಿಗೆಯ ಮನೆ ತಲೆಕೆಳಗಾಗಿ ಇಳಿದಷ್ಟು ಆಳ. ಕ್ರೇನಿನವನು ದೂರದಲ್ಲಿ, ಎತ್ತರದಲ್ಲಿ, ಗೂಡಿನೊಳಗೆ ಕೂತಿರುತ್ತಾನೆ. ಹೊಟ್ಟೆಯೊಳಗೆ ಏನಾಗುತ್ತಿದೆ ಅಂತ ಅವನಿಗೆ ಕಾಣುವುದಿಲ್ಲ. ಅವನಿಗೆ ಕಾಣುವುದು ನನ್ನ ಕೈ ಒಂದೇ. ಹೊಟ್ಟೆಯ ಬಾಯಿಯ ಅಂಚಿನಲ್ಲಿ ನಾನು ನಿಂತು ಬೆರಳು ತಿರುಗಿಸಿದರೆ ಎತ್ತು. ಅಂಗೈ ಕೆಳಗೆ ಮಾಡಿದರೆ ಇಳಿಸು. ಅಂಗೈ ಬಿಚ್ಚಿ ನೆಟ್ಟಗೆ ಮೇಲೆತ್ತಿದರೆ ನಿಲ್ಲು. ಆ ಕೈ ಇಳಿಯುವವರೆಗೆ ಒಂದು ಹಗ್ಗವೂ ಅಲುಗಬಾರದು. ಬಂದರಿನ ಹುಟ್ಟಿನಿಂದ ಬಂದ ಕಟ್ಟಳೆ ಅದು. ಕ್ರೇನಿನ ಗೊಣಗಣ್ಣನಂತೂ ಹೆಂಡತಿಯ ಮಾತು ಕೇಳದವನು, ನನ್ನ ಕೈಯ ಮಾತು ಕೇಳುತ್ತಿದ್ದ.

ಗ್ಯಾಂಗಿನಲ್ಲಿ ಹದಿನೈದು ಜನ. ಒಬ್ಬೊಬ್ಬನಿಗೂ ನಂಬರು ಹೊಡೆದ ಹಿತ್ತಾಳೆ ಬಿಲ್ಲೆ. ಹೊಟ್ಟೆಯ ಬಾಯಲ್ಲಿ ಕೊಕ್ಕೆ ಬಡಿದ ಹಲಗೆಯೊಂದಿತ್ತು. ಇಳಿಯುವಾಗ ಬಿಲ್ಲೆ ತೆಗೆದು ಕೊರಳಿಗೆ ಹಾಕಿಕೊಳ್ಳಬೇಕು. ಮೇಲೆ ಬಂದಮೇಲೆ ವಾಪಸ್ಸು ತೂಗಹಾಕಬೇಕು. ಹದಿನೈದೂ ಬಿಲ್ಲೆ ಬಂದರೆ ಹೊಟ್ಟೆ ಖಾಲಿ. ಒಂದು ಕೊಕ್ಕೆ ಬರಿದಾಗಿದ್ದರೂ ಒಬ್ಬ ಕೆಳಗಿದ್ದಾನೆ, ಮುಚ್ಚಬಾರದು. ಶೆಡ್ಡಿನ ಸಾಹೇಬರು ದಿನಾ ಹಾಳೆ ಬರೆಯುತ್ತಿದ್ದರು. ಹಡಗು ಕಟ್ಟುವ ಯಾವ ಬರ್ತಿನಲ್ಲಿ ಯಾವ ಹಡಗು, ನೀರಿನಲ್ಲಿ ಎಷ್ಟು ಮುಳುಗುತ್ತದೆ, ಗಾಳಿ ಯಾವ ಕಡೆಯದು, ಅಲೆ ಎಷ್ಟೆತ್ತರ, ಉಬ್ಬರ ಎಷ್ಟು ಹೊತ್ತಿಗೆ, ಹೊಟ್ಟೆಗೆ ಎಷ್ಟು ಜನ ಇಳಿದರು, ಎಷ್ಟು ಜನ ಹತ್ತಿದರು. ಎಲ್ಲ ಅದರಲ್ಲಿ.

ನಮ್ಮಕ್ಕ ಮಾತ್ರ ಅದರಲ್ಲಿ ಇರಲಿಲ್ಲ.

ಗೋಧಿ ಎತ್ತಿ ಮುಗಿದಮೇಲೆ ಗುಡಿಸಲಿಕ್ಕೆ ಆರು ಜನ ಹೆಂಗಸರು ಇಳಿಯುತ್ತಿದ್ದರು. ಅಕ್ಕ ಅವರ ಮುಂದಾಳು. ನಲವತ್ತೆಂಟು ಮೆಟ್ಟಿಲಿನ ಕಬ್ಬಿಣದ ಏಣಿ, ಗೋಡೆಗೆ ಅಂಟಿಸಿದ ಹಾಗೆ ನೆಟ್ಟಗೆ. ಕೆಳಗೆ ಕುಲುಮೆ. ಪಕ್ಕೆಲುಬಿನಂಥ ಕಬ್ಬಿಣದ ಸಂದಿಯಲ್ಲಿ ಹುದುಗಿದ ಕಾಳನ್ನು ಉಗುರಿನಿಂದ ಕೆರೆದು ತೆಗೆಯಬೇಕು. ದೂಳು ಮೂಗಿಗೆ ಹೋಗಿ ಮೂರು ದಿನ ಕಪ್ಪು ಕಫ. ಅವರಿಗೆ ಬಿಲ್ಲೆ ಇಲ್ಲ. ಗ್ಯಾಂಗಿನ ನೀರಿನ ಡ್ರಮ್ಮು ಮುಟ್ಟುವ ಹಾಗಿಲ್ಲ. ದಡದಿಂದ ಹಡಗಿಗೆ ನಾವು ಹತ್ತುವ ಮೆಟ್ಟಿಲುಸೇತುವೆ ಅವರಿಗಿಲ್ಲ. ಅದು ಕೊಳೆಯಾಗುತ್ತದಂತೆ. ಹಿಂದಿನ ಹಗ್ಗದ ಏಣಿಯಲ್ಲಿ ಹತ್ತಿ ಬರಬೇಕು.

ಗೇಟಿನ ಚೀಟಿಯಲ್ಲಿ ಅವರನ್ನು ಏನಂತ ಬರೆಯುತ್ತಿದ್ದರು ಗೊತ್ತೇನು? 'ಪೊರಕೆ ಆರು, ಬುಟ್ಟಿ ಆರು.' ಅಷ್ಟೇ. ಗುತ್ತಿಗೆದಾರ ಬಂದರಿಗೆ ಒದಗಿಸುವುದು ಗುಡಿಸುವ ಸಾಮಾನು. ಸಾಮಾನಿನ ಜೊತೆ ಜೀವ ಬಂದರೆ ಅದು ಅವನ ಹಣೆಬರಹ. ಕಾವಲಿನವನು ಪೊರಕೆಯ ಹಿಡಿ ಮುಟ್ಟಿ ಮುಟ್ಟಿ ಎಣಿಸುತ್ತಿದ್ದ. ಅದನ್ನು ಹಿಡಿದ ಕೈ ಯಾರದು ಅಂತ ಕತ್ತೆತ್ತಿ ನೋಡುತ್ತಿರಲಿಲ್ಲ. ಅವರಲ್ಲಿ ಒಬ್ಬಳು ಪಟಾಕಿ ಅಂತ. ಬಾಯಿ ಬಿಟ್ಟರೆ ಸರ ಹಚ್ಚಿದ ಹಾಗೆ. ಅವಳು ದಿನಾ ಕೇಳುತ್ತಿದ್ದಳು: "ಅಣ್ಣಾ, ನಾನು ಪೊರಕೆನೋ ಬುಟ್ಟಿನೋ? ಸರಿಯಾಗಿ ನೋಡಿ ಬರ್ಕೊಳಪ್ಪ, ಸಂಜೆ ಮನೇಲಿ ಕೇಳ್ತಾರೆ."

ನಾವೆಲ್ಲ ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ. ಅಕ್ಕ ಕೆಮ್ಮಿದಳು ನೋಡಿ. ಹೌದು ಅಕ್ಕ, ನಕ್ಕಿದ್ದೇನೆ, ಹೇಳಿದೆನಲ್ಲ.

ಈಗ ಆ ದಿನದ ಮಾತು. ಅಲ್ಲ, ಮಳೆಯ ದಿನವಲ್ಲ, ಅದಕ್ಕೆ ಎಂಟು ದಿನ ಮೊದಲು. ಅವತ್ತು ನಡೆದದ್ದು ಹೇಳದೆ ಇದು ಅರ್ಥವಾಗುವುದಿಲ್ಲ.

ಹೆಂಗಸರದ್ದೊಂದು ಪದ್ಧತಿ ಇತ್ತು. ಗುಡಿಸಿ ಮುಗಿದಮೇಲೆ ಪೊರಕೆ ಬುಟ್ಟಿ ಎಲ್ಲ ಒಟ್ಟು ಮಾಡಿ ಕ್ರೇನಿನ ಬಲೆಗೆ ಹಾಕಿ ಮೊದಲು ಮೇಲೆ ಕಳಿಸುತ್ತಿದ್ದರು. ಆ ಏಣಿ ಹತ್ತಲು ಎರಡು ಕೈಯೂ ಬೇಕು. ಸಾಮಾನು ಹೋದಮೇಲೆ ಆರೂ ಜನ ಡೆಕ್ಕಿನ ಅಡಿಯ ಮರೆಗೆ ಸರಿದು ಸೀರೆ ಬಿಚ್ಚಿ ಕೊಡವಿಕೊಂಡು, ಮತ್ತೆ ಉಟ್ಟುಕೊಂಡು ಹತ್ತುತ್ತಿದ್ದರು. ಮೇಲೆ ಬಾಯಿಯ ಸುತ್ತ ಗಂಡಸರು ಬಗ್ಗಿ ನೋಡುತ್ತ ನಿಂತಿರುತ್ತಿದ್ದರಲ್ಲ, ಮಾನವಂತರು, ಅದಕ್ಕೆ ಮರೆ. ಆ ಮರೆಯಲ್ಲಿದ್ದವರು ನನಗೂ ಕಾಣುವುದಿಲ್ಲ. ನಾನು ಕಾಯುತ್ತಿದ್ದೆ. ಅಕ್ಕನ ತಲೆ ಕಂಡಮೇಲೆಯೇ ಮುಂದಿನ ಸನ್ನೆ.

ಅವತ್ತು ಹಡಗನ್ನು ನಾಲ್ಕರಿಂದ ಆರನೇ ಬರ್ತಿಗೆ ಸರಿಸುವ ಗಡಿಬಿಡಿ. ಗ್ಯಾಂಗಿನ ಮೇಸ್ತ್ರಿ ನನ್ನ ಕಿವಿಯ ಹತ್ತಿರ ಬಂದು ಕೂಗಿದ: "ಏನೋ ಗರ ಬಡಿದವನ ಹಾಗೆ ನಿಂತಿದೀಯ? ಹದಿನೈದು ಬಿಲ್ಲೆ ಬಂತು. ಪೊರಕೆ ಆರು, ಬುಟ್ಟಿ ಆರು ಬಂತು. ಲೆಕ್ಕ ಸರಿ. ಮುಚ್ಸು!"

ಹೊಟ್ಟೆಯೊಳಗೆ ಹಿಂದುಗಡೆ ಇನ್ನೊಂದು ಏಣಿ ಇತ್ತು. ಅಕ್ಕ ಅದರಲ್ಲಿ ಹತ್ತಿರಬೇಕು ಅಂದುಕೊಂಡೆ. ಅಂದುಕೊಂಡೆ. ಹೋಗಿ ನೋಡಲಿಲ್ಲ. ಆ ಕಾಲದ ಹಡಗಿನ ಮುಚ್ಚಳ ಅಂದರೆ ದಪ್ಪ ಕಬ್ಬಿಣದ ಹಲಗೆಗಳು. ಕ್ರೇನೇ ಒಂದೊಂದಾಗಿ ಎತ್ತಿ ಕೂರಿಸಬೇಕು. ನಾನು ಸನ್ನೆ ಮಾಡಿದೆ. ಗೊಣಗಣ್ಣ ಏಳು ಹಲಗೆ ಕೂರಿಸಿದ. ನನ್ನ ಒಡಹುಟ್ಟಿದವಳ ತಲೆಯ ಮೇಲೆ, ನನ್ನ ಕೈಯಾರೆ, ಏಳು ಹಲಗೆ.

ಒಂದು ಗಂಟೆ ಐವತ್ತು ನಿಮಿಷ. ಗೇಟಿನ ಹತ್ತಿರ ಅಕ್ಕ ಕಾಣಲಿಲ್ಲ. ಕಾವಲಿನವನನ್ನು ಕೇಳಿದೆ. ಅವನು ಪುಸ್ತಕ ನೋಡಿ, "ಪೊರಕೆ ಆರೂ ಆಗಲೇ ಗಾಡೀಲಿ ಆಚೆ ಹೋಯ್ತಲ್ಲ" ಅಂದ. ಅಷ್ಟರಲ್ಲಿ ಹಡಗು ಆರನೇ ಬರ್ತಿಗೆ ಹೋಗಿತ್ತು. ಓಡಿದೆ. ಮುಚ್ಚಳಕ್ಕೆ ಕಿವಿ ಇಟ್ಟರೆ ಒಳಗಿನಿಂದ ಬಡಿತ. ಬರಿಗೈಯ ಬಡಿತ. ಬಡಿಯಲು ಒಂದು ಪೊರಕೆಯ ಹಿಡಿಯೂ ಅವರ ಬಳಿ ಇರಲಿಲ್ಲವಲ್ಲ.

ತೆಗೆಸಿದಾಗ ಐವರು ಏಣಿಯ ಬುಡದಲ್ಲಿ ಬಾಯಿ ತೆರೆದುಕೊಂಡು ಬಿದ್ದಿದ್ದರು, ಮೀನಿನ ಹಾಗೆ. ಪಟಾಕಿ ಕಗ್ಗತ್ತಲೆಯಲ್ಲಿ ಏಣಿ ಹತ್ತಿ, ಮುಚ್ಚಳ ಬಡಿದೂ ಬಡಿದೂ, ಕೈ ಜಾರಿ ಬಿದ್ದಿದ್ದಳು. ತೊಡೆಯ ಮೂಳೆ ಮುರಿದು ಚರ್ಮವನ್ನು ಒಳಗಿನಿಂದ ತಳ್ಳುತ್ತಿತ್ತು. ಆ ಬಾಯಿಯಿಂದ ಒಂದು ಮಾತಿಲ್ಲ.

ಹೊತ್ತುಕೊಂಡು ಬಂದರಿನ ಆಸ್ಪತ್ರೆಗೆ ಹೋದೆವು. ಕಾಂಪೌಂಡರ್ ಕೇಳಿದ: "ಬಿಲ್ಲೆ ನಂಬರು?"

"ಇಲ್ಲ. ಗುಡಿಸೋಳು."

"ಎಲ್ಲಿ ಬಿದ್ಲು?"

"ಹಡಗಿನ ಹೊಟ್ಟೇಲಿ."

ಅವನು ಶೆಡ್ಡಿಗೆ ಫೋನು ಮಾಡಿದ. ಫೋನು ಇಟ್ಟು ಹೇಳಿದ: "ಆ ಹೊತ್ತಿಗೆ ಹೊಟ್ಟೆ ಖಾಲಿ ಅಂತ ಹಾಳೇಲಿದೆ. ಖಾಲಿ ಇರೋ ಕಡೆ ಬೀಳೋಳು ಹೇಗ್ರಿ ಬರ್ತಾಳೆ? ಆಚೆ ಕರ್ಕೊಂಡು ಹೋಗಿ."

ಊರ ದೊಡ್ಡಾಸ್ಪತ್ರೆಯಲ್ಲಿ ಹೇಳಿದರು: ಕೆಲಸದ ಮೇಲೆ ಗಾಯವಾಯಿತು ಅಂತ ಬಂದರಿನ ಚೀಟಿ ತನ್ನಿ, ಆಪರೇಷನ್ ಮಾಡುತ್ತೇವೆ. ಹತ್ತು ದಿನ ದಾಟಿದರೆ ಮೂಳೆ ಅಡ್ಡಾದಿಡ್ಡಿ ಕೂಡಿಕೊಳ್ಳುತ್ತದೆ, ಆಮೇಲೆ ಅವಳು ನಡೆಯುವುದಿಲ್ಲ. ಚೀಟಿ ಕೇಳಲು ಅಕ್ಕ ಶೆಡ್ಡಿಗೆ ಹೋದಳು. ಚೀಟಿ ಕೊಡಲಿಲ್ಲ, ನೋಟೀಸು ಕೊಟ್ಟರು. ಪಟಾಕಿ ಅಪ್ಪಣೆಯಿಲ್ಲದೆ ಹಡಗಿಗೆ ನುಗ್ಗಿದ್ದಾಳೆ ಅಂತ.

ನಾನು ಅಕ್ಕನ ಮನೆಗೆ ಹೋದೆ. ಬಾಗಿಲಲ್ಲೇ ನಿಲ್ಲಿಸಿದಳು. "ಅಕ್ಕ, ತಪ್ಪಾಯ್ತು" ಅಂದೆ.

"ನಿನ್ನ ತಪ್ಪು ಇಟ್ಕೊಂಡು ನಾನೇನು ಉಪ್ಪಿನಕಾಯಿ ಹಾಕ್ಲಾ? ಹೋಗು. ಮುಂದಿನ ಹಡಗಿಗೆ ಕೈ ಎತ್ತೋಕೆ ಬಾ. ಎತ್ತಿದ ಕೈ ಇಳಿಸ್ಬೇಡ. ಅಷ್ಟು ಮಾಡ್ತೀಯೇನು?"

"ಎಷ್ಟು ಹೊತ್ತು?"

"ನಾನು ಹೇಳೋವರೆಗೆ."

ನಿಲ್ಲಿ, ನೀರು ಕುಡಿಯುತ್ತೇನೆ. ಫೋನಿಗೆ ನನ್ನ ಮಾತು ಹಿಡಿಯುತ್ತಿರುವ ಮೊಮ್ಮಗಳು ಇದು ಮೂರನೇ ತುಂಡು ಅನ್ನುತ್ತಿದ್ದಾಳೆ. ಇರಲಿ.

ಎಂಟನೇ ದಿನ. ನಾಲ್ಕನೇ ಬರ್ತು. ಅಳಿಯಂದಿರ ಹಾಳೆಯ ಗೋಧಿ ಹಡಗು ಇದೇ. ಗೋಧಿ ಇಳಿಸಿ ಮುಗಿದಿತ್ತು. ಹೊರಗೆ ಇನ್ನೊಂದು ತುಂಬಿದ ಹಡಗು ಲಂಗರು ಹಾಕಿ ಕಾಯುತ್ತಿತ್ತು. ಅದು ನೀರಿನೊಳಗೆ ಒಂಬತ್ತೂವರೆ ಮೀಟರ್ ಮುಳುಗಿದ್ದ ಹಡಗು, ಉಬ್ಬರ ತುಂಬಿದಾಗ ಮಾತ್ರ ಒಳಗೆ ಬರಬಲ್ಲದು. ಉಬ್ಬರ ತುಂಬುವುದು ಹನ್ನೊಂದು ನಲವತ್ತಕ್ಕೆ. ಅಷ್ಟರೊಳಗೆ ನಮ್ಮ ಖಾಲಿ ಹಡಗು ಮುಚ್ಚಳ ಹಾಕಿಕೊಂಡು ಆಚೆ ಹೋಗಬೇಕು, ಅದು ಒಳಗೆ ಬರಬೇಕು. ತಪ್ಪಿದರೆ ಮುಂದಿನ ಉಬ್ಬರದವರೆಗೆ ಅದಕ್ಕೆ ಅಲೆಯಲ್ಲಿ ಹೊಯ್ದಾಟವೇ ಗತಿ. ಹಡಗಿಗೆ ದಾರಿ ತೋರಿಸುವ ಪೈಲಟ್ ಬಂದು ಕೂತಿದ್ದ. ಹಡಗು ಎಳೆಯುವ ಟಗ್ ದೋಣಿಗಳು ಹಗ್ಗ ಹಿಡಿದು ಸಿದ್ಧ.

ಬೆಳಗ್ಗೆ ಗೇಟಿನಲ್ಲಿ ಐದೇ ಹೆಂಗಸರು. ಪೊರಕೆ ಮಾತ್ರ ಆರು. ಪಟಾಕಿಯ ಪೊರಕೆ ಬುಟ್ಟಿಯನ್ನೂ ಅಕ್ಕನೇ ಹೊತ್ತಿದ್ದಳು. ಕಾವಲಿನವನು ಹಿಡಿ ಮುಟ್ಟಿ ಎಣಿಸಿ, ಸರಿಯಿದೆ ಅಂತ ಗೀಟು ಹಾಕಿದ. ಒಬ್ಬಳು ಕಡಿಮೆ ಅಂತ ಅವನಿಗೆ ಗೊತ್ತಾಗಲೇ ಇಲ್ಲ.

ಒಂಬತ್ತೂವರೆಗೆ ಹೊಟ್ಟೆ ಕನ್ನಡಿಯ ಹಾಗೆ ಗುಡಿಸಿ ಆಯಿತು. ಬಲೆ ಇಳಿಸಿದೆ. ಬಲೆ ಬರಿದಾಗಿ ಮೇಲೆ ಬಂತು. ಬಗ್ಗಿ ನೋಡಿದೆ. ಐವರೂ ಹೊಟ್ಟೆಯ ನಟ್ಟನಡುವೆ, ಎಲ್ಲರಿಗೂ ಕಾಣುವ ಹಾಗೆ, ಪೊರಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು.

ಮೇಸ್ತ್ರಿ ಕಿರುಚಿದ: "ಏಯ್, ಏಳ್ರೇ! ಮುಚ್ಬೇಕು!"

ಅಕ್ಕನ ದನಿ ಕೆಳಗಿನಿಂದ, ಬಾವಿಯೊಳಗಿನಿಂದ ಬಂದ ಹಾಗೆ: "ಮುಚ್ಚಪ್ಪ! ಇಲ್ಲಿ ಯಾರೂ ಇಲ್ಲ! ನಿಮ್ಮ ಹಾಳೆ ನೋಡ್ಕೋ!"

"ಮತ್ತೆ ನೀನ್ಯಾರೇ?"

"ಪೊರಕೆ!"

ಡೆಕ್ಕಿನ ಮೇಲೆ ಒಬ್ಬಿಬ್ಬರು ನಕ್ಕರು. ನಾನು ಅಂಗೈ ಬಿಚ್ಚಿ ಕೈ ಮೇಲೆತ್ತಿದೆ. ಕ್ರೇನು ನಿಂತಿತು. ಒಂಬತ್ತು ಮೂವತ್ತೈದು.

ಶೆಡ್ಡಿನ ಸಾಹೇಬರು ಬಿಳಿ ಷರಟು ಹಾಕಿಕೊಂಡು, ಹಾಳೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಬಗ್ಗಿ ನೋಡಿದರು. "ಏನಮ್ಮ ಇದು ನಾಟಕ? ಮೇಲೆ ಬನ್ನಿ."

"ಪೊರಕೆಗೆ ಕಾಲಿಲ್ಲ ಸಾಹೇಬ್ರೇ. ಎತ್ತಿಸ್ಕೊಳ್ಳಿ."

"ಪೊಲೀಸರನ್ನ ಕರೀತೀನಿ!"

"ಕರೀರಿ. ಎಷ್ಟು ಜನರ ಮೇಲೆ ಕೇಸು ಅಂತ ಅವರಾದ್ರೂ ತಲೆ ಎಣಿಸ್ತಾರೆ."

ಸಾಹೇಬರು ನನ್ನ ಕಡೆ ತಿರುಗಿದರು. "ಕೈ ಇಳಿಸೋ. ಒಂದು ಹಲಗೆ ಹಾಕ್ಸು. ಕತ್ತಲೆ ಆದ್ರೆ ತಾವೇ ಓಡಿ ಬರ್ತಾರೆ."

"ಆಗಲ್ಲ ಸಾರ್."

"ಏನು ಅಂದೆ?"

"ಕೆಳಗೆ ಜನ ಇದ್ದಾರೆ. ಆಗಲ್ಲ."

"ಬಿಲ್ಲೆ ಹದಿನೈದೂ ಬಂದಿದೆ. ಜನ ಎಲ್ಲಿದ್ದಾರೆ?"

"ಒಂದು ಸಲ ನಿಮ್ಮ ಲೆಕ್ಕ ನಂಬಿ ಮುಚ್ಸಿದೀನಿ ಸಾರ್. ಇನ್ನು ನನ್ನ ಕಣ್ಣನ್ನ ನಂಬ್ತೀನಿ."

ನನ್ನನ್ನು ಅಲ್ಲಿಯೇ ಕೆಲಸದಿಂದ ತೆಗೆದರು. ತೆಗೆದಿದ್ದೀನಿ, ಇಳಿಸು ಕೈ ಅಂದರು. ಕೆಲಸದಿಂದ ತೆಗೆದಮೇಲೆ ನಿಮ್ಮ ಮಾತು ಯಾಕೆ ಕೇಳಲಿ ಸಾರ್ ಅಂದೆ. ಮೇಸ್ತ್ರಿಗೆ, ನೀನು ನಿಲ್ಲು, ನೀನು ಸನ್ನೆ ಮಾಡು ಅಂದರು. ಮೇಸ್ತ್ರಿ ನನ್ನ ಪಕ್ಕಕ್ಕೆ ಬಂದ. ಕೆಳಗೆ ನೋಡಿದ. ಅಕ್ಕ ಮೇಲೆ ನೋಡಿದಳು. ಮೇಸ್ತ್ರಿ ಹೆಗಲು ಉಜ್ಜಿಕೊಂಡ. "ಸಾರ್, ಯಾಕೋ ಹೆಗಲು ಹಿಡ್ಕೊಂಡಿದೆ. ಕೈ ಮೇಲಕ್ಕೇ ಬರ್ತಿಲ್ಲ."

ಕೊನೆಗೆ ಸಾಹೇಬರೇ ಅಂಚಿಗೆ ಬಂದು ಕ್ರೇನಿನ ಕಡೆ ಕೈ ಬೀಸಿದರು. ಇಳಿಸು, ಇಳಿಸು. ಕ್ರೇನು ಅಲುಗಲಿಲ್ಲ. ಮತ್ತೆ ಬೀಸಿದರು, ನೊಣ ಓಡಿಸಿದ ಹಾಗೆ. ಗೊಣಗಣ್ಣ ಗೂಡಿನ ಕಿಟಕಿಯಿಂದ ತಲೆ ಆಚೆ ಹಾಕಿ ಇಡೀ ಬಂದರಿಗೆ ಕೇಳುವ ಹಾಗೆ ಕೂಗಿದ: "ಆ ಕೈ ನನಗೆ ಪರಿಚಯ ಇಲ್ಲ ಸಾರ್!"

ಹಡಗಿನ ಕ್ಯಾಪ್ಟನ್ ಬಂದ. ಬೇರೆ ದೇಶದವನು, ನಮ್ಮ ಮಾತು ಬರುವುದಿಲ್ಲ. ಬಗ್ಗಿ ನೋಡಿ ಬೆರಳಿನಿಂದ ಎಣಿಸಿದ. ಸಾಹೇಬರ ಮುಂದೆ ಐದು ಬೆರಳು ಬಿಚ್ಚಿ ತೋರಿಸಿದ. ಸಾಹೇಬರು ಹಾಳೆಯ ಸೊನ್ನೆ ತೋರಿಸಿದರು. ಅವನು ಸೊನ್ನೆ ನೋಡಿದ, ಕೆಳಗೆ ನೋಡಿದ, ಸಾಹೇಬರ ಮುಖ ನೋಡಿದ. ಹೋಗಿ ಕುರ್ಚಿ ತರಿಸಿಕೊಂಡು ಕೂತುಬಿಟ್ಟ. ಪೈಲಟ್ ಚಹಾ ಹೇಳಿದ.

ಹತ್ತೂವರೆ. ಹನ್ನೊಂದು. ನನ್ನ ಹೆಗಲಲ್ಲಿ ಮೊದಲು ಉರಿ, ಆಮೇಲೆ ಇರುವೆ, ಆಮೇಲೆ ಏನೂ ಇಲ್ಲ. ಕೈ ನನ್ನದಲ್ಲ ಅನ್ನಿಸಿತು. ಬೆವರು ಕಂಕುಳಿಂದ ಇಳಿದು ಪಾದಕ್ಕೆ ಬಂತು. ಒಂದು ಸಲ ಮೊಣಕೈ ಬಗ್ಗಿತು. ಕೆಳಗಿನಿಂದ ಅಕ್ಕ: "ಲೋ, ನೆಟ್ಟಗೆ!" ನೆಟ್ಟಗೆ ಮಾಡಿದೆ. ಗ್ಯಾಂಗಿನವರು ಒಬ್ಬೊಬ್ಬರಾಗಿ ಬಂದು ನನ್ನ ಹಿಂದೆ ನಿಂತರು. ಯಾರೂ ಘೋಷಣೆ ಕೂಗಲಿಲ್ಲ. ಒಬ್ಬ ಬಂದು ನನ್ನ ಮೊಣಕೈಗೆ ತನ್ನ ಹೆಗಲು ಕೊಟ್ಟ. ಅಷ್ಟೇ.

ಹನ್ನೊಂದು ಹತ್ತಕ್ಕೆ ಸಾಹೇಬರ ಬಿಳಿ ಷರಟು ಬೆನ್ನಿಗೆ ಅಂಟಿತ್ತು. ಶೆಡ್ಡಿಗೆ ಮೇಲಿನವರ ಫೋನಿನ ಮೇಲೆ ಫೋನು. ಬಗ್ಗಿ ಕೇಳಿದರು: "ಏನು ಬೇಕು ನಿಮಗೆ?"

"ಬಿಲ್ಲೆ. ಆರು."

"ಸರಿ, ಮೇಲೆ ಬನ್ನಿ, ಕೊಡ್ತೀನಿ."

"ಬಿಲ್ಲೆ ಮೊದಲು ಕೆಳಗೆ ಬರ್ಲಿ. ತಲೆ ಆಮೇಲೆ ಮೇಲೆ ಬರುತ್ತೆ."

ಉಗ್ರಾಣದಿಂದ ಬಿಲ್ಲೆ ತರಿಸಿದರು. ಹದಿನಾರರಿಂದ ಇಪ್ಪತ್ತೊಂದು. ಹಲಗೆಯಲ್ಲಿ ಆರು ಹೊಸ ಮೊಳೆ ಹೊಡೆದರು. ಬಿಲ್ಲೆಗಳನ್ನು ಹಗ್ಗ ಕಟ್ಟಿದ ಡಬ್ಬಿಯಲ್ಲಿ ಇಳಿಸಿದರು. ಅಕ್ಕ ಒಂದೊಂದನ್ನೇ ನಾಲ್ವರ ಕೊರಳಿಗೂ ಹಾಕಿದಳು. ತಾನು ಒಂದು ಹಾಕಿಕೊಂಡಳು. ಇಪ್ಪತ್ತೊಂದನ್ನು ಮುಷ್ಟಿಯಲ್ಲಿ ಹಿಡಿದಳು. ಒಬ್ಬೊಬ್ಬಳೇ ಹತ್ತಿ ಬಂದು ಬಿಲ್ಲೆ ತೂಗಹಾಕಿದಳು. ಕೊನೆಗೆ ಅಕ್ಕ. ಕೊರಳಿನದನ್ನು ತೂಗಹಾಕಿದಳು. ಒಂದು ಮೊಳೆ ಬರಿದಾಗಿ ಉಳಿಯಿತು.

ಸಾಹೇಬರು ನನ್ನ ಕೈ ನೋಡಿದರು. ಅದು ಮೇಲೆಯೇ ಇತ್ತು.

"ಇನ್ನೂ ಏನೋ? ಎಲ್ಲ ಬಂದ್ರಲ್ಲ!"

"ಇಪ್ಪತ್ತೊಂದು ಬಂದಿಲ್ಲ ಸಾರ್. ಕೊಕ್ಕೆ ಬರಿದಾಗಿದ್ರೆ ಮುಚ್ಬಾರ್ದು. ನಿಮ್ಮದೇ ಕಟ್ಟಳೆ."

"ಇಪ್ಪತ್ತೊಂದನೆಯವಳು ಎಲ್ಲಿ?"

ಅಕ್ಕ ಹೇಳಿದಳು: "ಎಂಟು ದಿನದ ಹಿಂದೆ ಇಳಿದಿದ್ಲು. ಇನ್ನೂ ಹತ್ತಿಲ್ಲ. ಅವಳು ಇಳಿದಿದ್ಲು ಅಂತ ಬರೆದುಕೊಡಿ. ಆಸ್ಪತ್ರೆಗೆ ಚೀಟಿ."

"ಹಳೇ ತಾರೀಕು ಹಾಕಿ ಬರೆದ್ರೆ ನನ್ನ ನೌಕರಿ ಹೋಗುತ್ತೆ ಕಣಮ್ಮ."

"ಹೋಗ್ಲಿ. ಅವಳ ಕಾಲು ಹೋಗ್ತಿದೆ."

ಹನ್ನೊಂದು ನಲವತ್ತು ಬಂತು, ಹೋಯಿತು. ಹೊರಗಿನ ಹಡಗು ಸೀಟಿ ಊದಿತು. ನೀರು ಇಳಿಯತೊಡಗಿತು. ಆಗ ಸಾಹೇಬರು ಮುಚ್ಚಳದ ಮೇಲೆ ಕಾಗದ ಇಟ್ಟು ಬರೆದರು. ಅಕ್ಕನಿಗೆ ಓದು ಬರದು. ಗಟ್ಟಿಯಾಗಿ ಓದು ಅಂತ ಕಾಗದವನ್ನು ನನ್ನ ಮುಖದ ಮುಂದೆ ಹಿಡಿದಳು. 'ಗುತ್ತಿಗೆ ಸಾಮಗ್ರಿಯೊಂದಿಗೆ ಬಂದಿದ್ದ ವ್ಯಕ್ತಿಯೊಬ್ಬರು…' ಅಷ್ಟಕ್ಕೇ ಅಕ್ಕ ಅದನ್ನು ಎರಡು ಹರಿದು ಸಮುದ್ರಕ್ಕೆ ಹಾಕಿದಳು. "ಇನ್ನೊಂದು ಬರೀರಿ."

ಎರಡನೆಯದರಲ್ಲಿ ಹೀಗಿತ್ತು: 'ನಾಲ್ಕನೇ ಬರ್ತಿನ ಹಡಗಿನ ಹೊಟ್ಟೆಯಲ್ಲಿ ಕೆಲಸದ ಮೇಲಿದ್ದ ಇಪ್ಪತ್ತೊಂದನೇ ಬಿಲ್ಲೆಯ ಹೆಂಗಸು, ಒಳಗೆ ಜನ ಇರುವಾಗಲೇ ಮುಚ್ಚಳ ಮುಚ್ಚಿದ್ದರಿಂದ, ಏಣಿಯಿಂದ ಬಿದ್ದು ಗಾಯಗೊಂಡಿದ್ದಾಳೆ.' ಸಹಿ. ಮೊಹರು.

ಅಕ್ಕ ಇಪ್ಪತ್ತೊಂದನ್ನು ಮೊಳೆಗೆ ತೂಗಹಾಕಿದಳು. ನನ್ನ ಕಡೆ ನೋಡಿ, "ಸಾಕು ಕಣೋ, ಇಳಿಸು" ಅಂದಳು. ಕೈ ಇಳಿಯಲಿಲ್ಲ. ಇಬ್ಬರು ಹಿಡಿದು ಮೆಲ್ಲಗೆ ಬಗ್ಗಿಸಬೇಕಾಯಿತು. ಹನ್ನೆರಡೂ ಕಾಲು. ಐದು ಜನ ಹೆಂಗಸರು ಮೊದಲ ಸಲ ಮೆಟ್ಟಿಲುಸೇತುವೆಯಲ್ಲಿ ಇಳಿದರು. ಕೆಳಗೆ ಗ್ಯಾಂಗಿನ ಡ್ರಮ್ಮಿನಲ್ಲಿ ಕೈ ಅದ್ದಿ ಹೊಟ್ಟೆ ತುಂಬ ನೀರು ಕುಡಿದರು. ಯಾರೂ ಬೇಡ ಅನ್ನಲಿಲ್ಲ. ಅನ್ನಲಿ ನೋಡೋಣ ಅಂತಲೇ ನಿಧಾನವಾಗಿ ಕುಡಿದರು.

ಒಂಬತ್ತನೇ ದಿನ ಪಟಾಕಿಯ ಆಪರೇಷನ್ ಆಯಿತು. ಒಂದು ಕಾಲು ಬೆರಳಷ್ಟು ಮೋಟು. ಆದರೆ ನಡೆದಳು. ಹೋದ ವರ್ಷದವರೆಗೂ ನಡೆದಳು, ಮಾತಾಡುತ್ತಲೇ ಹೋದಳು.

ಹಾಳೆಯಲ್ಲಿ ಮಳೆ ಅಂತ ಯಾಕೆ ಬಂತು? ಹೆಂಗಸರು ಕೂತರು ಅಂತ ಬರೆದರೆ ಹೆಂಗಸರು ಇದ್ದರು ಅಂತ ಆಗುತ್ತದೆ. ಅದಕ್ಕಿಂತ ಮೋಡವನ್ನು ಕರೆಸುವುದು ಸುಲಭ. ತಿಂಗಳೊಳಗೆ ನನ್ನನ್ನು ಕೆಲಸಕ್ಕೆ ವಾಪಸ್ಸು ತೆಗೆದುಕೊಂಡರು, ಆದರೆ ಅಂಚಿನ ಮೇಲೆ ಮತ್ತೆ ನಿಲ್ಲಿಸಲಿಲ್ಲ. ಸನಿಕೆ ಕೊಟ್ಟು ಕೆಳಗಿಳಿಸಿದರು. ಆರು ವರ್ಷ ಬಾಚಿದೆ. ಈ ಬಲಗೈ ಇವತ್ತಿಗೂ ಕಿವಿಯಿಂದ ಮೇಲೆ ಹೋಗುವುದಿಲ್ಲ. ತಲೆಗೆ ಎಣ್ಣೆ ಎಡಗೈಯಲ್ಲಿ ಹಚ್ಚಿಕೊಳ್ಳುತ್ತೇನೆ. ನನಗೇನೂ ಬೇಸರವಿಲ್ಲ.

ಬೇಸರ ಬೇರೆಯದು. ನಮ್ಮ ಹಿಂದಿನ ಮನೆಯ ಹೆಣ್ಣುಮಗಳು ಈಗ ಬಂದರಿನಲ್ಲಿ ಹಡಗಿನ ಹೊಟ್ಟೆ ತೊಳೆಯುವ ಕೆಲಸಕ್ಕಿದ್ದಾಳೆ. ಗೇಟಿನಲ್ಲಿ ಬೆರಳು ಒತ್ತುವ ಯಂತ್ರವಂತೆ. ತೊಳೆಯುವ ನೀರಿಗೆ ಹಾಕುವ ಔಷಧಿಯ ಖಾರಕ್ಕೆ ಇವಳ ಜೊತೆಯವರ ಬೆರಳಿನ ಗೆರೆಯೆಲ್ಲ ಸುಟ್ಟು ಸವೆದಿದೆ, ಯಂತ್ರ ಹಿಡಿಯುವುದಿಲ್ಲ. ಗೆರೆ ಉಳಿದಿರುವ ಒಬ್ಬಳು ಒತ್ತುತ್ತಾಳೆ, ನಾಲ್ಕು ಜನ ಒಳಗೆ ಹೋಗುತ್ತಾರೆ. ಯಂತ್ರದಲ್ಲಿ ಒಬ್ಬಳು, ಹೊಟ್ಟೆಯಲ್ಲಿ ನಾಲ್ವರು. ನಿನ್ನೆ ಜಗಲಿಯ ಮೇಲೆ ಕೂತು, ನಗುತ್ತಲೇ ಹೇಳಿದಳು. ಅಕ್ಕ ನಗಲಿಲ್ಲ. ಇದನ್ನೆಲ್ಲ ಈ ಫೋನಿಗೆ ಹೇಳು ಅಂತ ನನ್ನನ್ನು ಕೂರಿಸಿದವಳು ಅವಳೇ.

ತಾಳಿ, ಅಕ್ಕ ಫೋನು ಕಿತ್ತುಕೊಳ್ಳುತ್ತಿದ್ದಾಳೆ.

"ಇವನು ಉದ್ದ ಎಳೀತಾನೆ. ಕೇಳ್ರೇ ಹೆಣ್ಮಕ್ಕಳಾ, ನಿಮ್ಮನ್ನ ಎಣಿಸೋವರೆಗೆ ಇಳೀಬೇಡಿ. ಇಳಿದುಬಿಟ್ಟಿದ್ರೆ ಹತ್ಬೇಡಿ. ಅಷ್ಟೇ."

ಕೇಳಿದಿರಲ್ಲ. ಹೆಬ್ಬೆರಳು ಎತ್ತಿ ತೋರಿಸಿ ಸುಮ್ಮನಾಗಬೇಡಿ. ನಿಮ್ಮ ಗುರುತಿನವರಲ್ಲಿ ಯಾರ ಮನೆಯವರು ಬಂದರಿನಲ್ಲಿ ದುಡಿಯುತ್ತಾರೋ ಅವರಿಗೆ ಕಳಿಸಿ. ಅವರು ತಮ್ಮವರಿಗೆ ಕಳಿಸಲಿ. ಆ ನಾಲ್ವರು ನಾಳೆ ಬೆಳಗ್ಗೆ ಏಳಕ್ಕೆ ಇಳಿಯುತ್ತಾರೆ. ಅಷ್ಟರೊಳಗೆ ತಲುಪಿಸಿ.